ಅಮ್ಮ ಹೇಗಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ: ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ತಮ್ಮ ಮನಸ್ಸನ್ನು ವಿಚಾರಿಸಿಕೊಳ್ಳುವ ಬಗೆ

ಪಾರ್ಶ್ವವಾಯು ಹೊಡೆದು ಅಮ್ಮ ಹಾಸಿಗೆ ಹಿಡಿದ ಮೇಲೆ ನಮ್ಮ ಮನೆಗೆ ಬರುವ ಫೋನುಗಳೆಲ್ಲ ಒಂದೇ ಪ್ರಶ್ನೆಯಿಂದ ಶುರುವಾಗುತ್ತಿದ್ದವು: "ಅಮ್ಮ ಹೇಗಿದ್ದಾರೆ?" ಬಿ.ಪಿ. ಎಷ್ಟಿದೆ, ಊಟ ಸೇರುತ್ತಿದೆಯೇ, ಮಾತು ಬಂತೇ, ಎಲ್ಲದಕ್ಕೂ ನನ್ನ ಬಳಿ ಉತ್ತರವಿತ್ತು. ಹನ್ನೊಂದನೆಯ ತಿಂಗಳ ಒಂದು ರಾತ್ರಿ ರಾಗಿ ಗಂಜಿಯ ಮೂರನೆಯ ಚಮಚ ಅಮ್ಮನ ಬಾಯಿಯ ವಾಲಿದ ಕಡೆಯಿಂದ ಸೋರಿ, ಆಗಷ್ಟೇ ಬದಲಾಯಿಸಿದ ಹೊದಿಕೆಯ ಮೇಲೆ ಬಿತ್ತು. ನಾನು ಚಮಚವನ್ನು ಬಟ್ಟಲಿಗೆ ಎಸೆದು ಕಿರುಚಿಬಿಟ್ಟೆ. ಅಮ್ಮ ಏನೂ ಅನ್ನಲಿಲ್ಲ, ಅನ್ನುವುದಕ್ಕೆ ಮಾತೂ ಇರಲಿಲ್ಲ. ಆಡುವ ಎಡಗೈಯನ್ನು ಆ ಕಲೆಯ ಮೇಲೆ ಇಟ್ಟು ಮುಚ್ಚಿಕೊಂಡಳು.

ಆ ರಾತ್ರಿ ಅಡುಗೆಮನೆಯಲ್ಲಿ ಕುಳಿತು ನನ್ನನ್ನೇ ಕೇಳಿಕೊಂಡೆ: ನನಗೆ ಏನಾಗಿದೆ? ಅಮ್ಮನ ವಿಷಯದಲ್ಲಿ ಗಂಟೆಗಂಟೆಯ ಲೆಕ್ಕ ಹೇಳಬಲ್ಲ ನನಗೆ ಆ ಪ್ರಶ್ನೆಗೆ ಸಿಕ್ಕಿದ್ದು ಒಂದೇ ಪದ, 'ಬೇಜಾರು'. ಅದು ಉತ್ತರವೇ ಅಲ್ಲ ಎಂದು ಅರ್ಥವಾಗಲು ಇನ್ನೂ ಕೆಲವು ವಾರ ಬೇಕಾದವು.

ತಂದೆ, ತಾಯಿ, ಅತ್ತೆ, ಮಾವ, ಗಂಡ, ಹೆಂಡತಿ, ಮಗು, ಯಾರನ್ನೇ ಆಗಲಿ ತಿಂಗಳುಗಟ್ಟಲೆ ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಮೂರು ವರ್ಷ ಮಾಡಿ, ತಪ್ಪಿ, ತಿದ್ದಿಕೊಂಡ ಕ್ರಮ ಇದು. ವಾರಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆ ಒಂದು ನಿಮಿಷ ಇದ್ದರೆ ಸಾಕು.

ಮೊದಲು, ಹೊತ್ತು ಮತ್ತು ಜಾಗ

"ಬಿಡುವಾದಾಗ ನೋಡೋಣ" ಎಂದುಕೊಂಡರೆ ಅದು ಎಂದಿಗೂ ಆಗುವುದಿಲ್ಲ. ರೋಗಿ ಇರುವ ಮನೆಯಲ್ಲಿ ಬಿಡುವು ತಾನಾಗಿ ಬರುವುದಿಲ್ಲ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರಿಗೆ ಸಿಗುವ ಹೊತ್ತು ಎರಡು ಮಗ್ಗುಲುಗಳ ನಡುವಿನದು ಮಾತ್ರ. ನಾನು ಭಾನುವಾರ ಮಧ್ಯಾಹ್ನ ಮೂರು ಗಂಟೆಯನ್ನು ಗೊತ್ತು ಮಾಡಿಕೊಂಡೆ. ಅಮ್ಮ ಮಲಗಿರುತ್ತಿದ್ದಳು, ಬೀದಿಯೂ ಸದ್ದಿಲ್ಲದೆ ಇರುತ್ತಿತ್ತು. ಕೂರುವುದು ಹಿತ್ತಲ ಮೆಟ್ಟಿಲ ಮೇಲೆ. ರೋಗಿಯ ಕೋಣೆಯಲ್ಲಿ ಮಾತ್ರ ಕೂರಬೇಡಿ. ಅಲ್ಲಿ ಕುಳಿತರೆ ಕಣ್ಣು ಡ್ರಿಪ್ ಸ್ಟ್ಯಾಂಡಿನ ಕಡೆಗೋ ಮಾತ್ರೆಯ ಡಬ್ಬಿಯ ಕಡೆಗೋ ಹೋಗಿಬಿಡುತ್ತದೆ.

ದಿನದ ಒಂದು ನಿಮಿಷಕ್ಕೆ ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ ಬರೆಯುವುದು, ಅದೇ ಸಾಕು. ಅರ್ಧ ಲೀಟರ್, ಒಂದು ಲೀಟರ್ ಎಂದು ಗುರುತು ಹಾಕುವ ಚೌಕದ ಮೂಲೆಯಲ್ಲಿ ಒಂದರಿಂದ ಐದರವರೆಗೆ ಒಂದು ಅಂಕಿ ಬರೆಯಿರಿ. ಐದು ಎಂದರೆ ಮನಸ್ಸು ಹಗುರವಾಗಿದ್ದ ದಿನ, ಒಂದು ಎಂದರೆ ದಿನ ದೂಡಿದ್ದೇ ದೊಡ್ಡದು. ಯಾಕೆ, ಏನು ಎಂದು ಬರೆಯುವುದು ಬೇಡ. ಮನೆಗೆ ಬಂದವರಿಗೆ ಅದು ಹಾಲಿನ ಲೆಕ್ಕದಂತೆಯೇ ಕಾಣುತ್ತದೆ. ಕೂಡು ಕುಟುಂಬದಲ್ಲಿ ಇರುವವರಿಗೆ ಈ ಮರೆ ಎಷ್ಟು ಮುಖ್ಯ ಎಂಬುದು ಅಲ್ಲಿ ಬಾಳಿದವರಿಗೇ ಗೊತ್ತು.

ಮೈಯನ್ನು ಮೊದಲು ಕೇಳಿ

ಭಾನುವಾರ ಕುಳಿತಾಗ ನೇರವಾಗಿ "ಮನಸ್ಸು ಹೇಗಿದೆ" ಎಂದು ಕೇಳಿಕೊಂಡರೆ ಉತ್ತರ ಹೊರಡುವುದಿಲ್ಲ. ನಮ್ಮ ಭಾಷೆ ಮನಸ್ಸಿನ ಸಂಗತಿಗಳನ್ನು ಮೈಯಲ್ಲಿ ಇಟ್ಟಿದೆ. ಎದೆ ಭಾರವಾಯಿತು, ಗಂಟಲು ಕಟ್ಟಿತು, ಕರುಳು ಚುರುಕ್ ಎಂದಿತು, ಹೊಟ್ಟೆ ತೊಳಸಿತು, ತಲೆ ಚಿಟ್ಟು ಹಿಡಿಯಿತು, ಕೈಕಾಲು ಆಡಲಿಲ್ಲ. ಇವೆಲ್ಲ ಬರಿಯ ಅಲಂಕಾರದ ಮಾತಲ್ಲ. ವೈದ್ಯರ ಬಳಿ ಹೋಗಿ "ಮೈಕೈ ನೋವು, ಸುಸ್ತು, ನಿದ್ದೆಯಿಲ್ಲ" ಎನ್ನುವ ಎಷ್ಟೋ ಜನರ ಒಳಗೆ ಖಿನ್ನತೆಯೋ ಆತಂಕವೋ ಕುಳಿತಿರುತ್ತದೆ.

ಆದ್ದರಿಂದ ನೆತ್ತಿಯಿಂದ ಪಾದದವರೆಗೆ ಒಮ್ಮೆ ಗಮನ ಹರಿಸಿ. ದವಡೆ ಬಿಗಿದಿದೆಯೇ? ಭುಜಗಳು ಕಿವಿಯ ಹತ್ತಿರಕ್ಕೆ ಏರಿವೆಯೇ? ಉಸಿರು ಎದೆಯ ಮೇಲ್ಭಾಗದಲ್ಲಿಯೇ ನಿಂತಿದೆಯೇ? ಆಮೇಲೆ ಮೂರು ಸಂಗತಿ ಬರೆಯಿರಿ: ಈ ವಾರ ಒಟ್ಟಿಗೆ ಹೆಚ್ಚೆಂದರೆ ಎಷ್ಟು ಗಂಟೆ ನಿದ್ದೆ ಮಾಡಿದೆ, ಎಷ್ಟು ಹೊತ್ತು ಕುಳಿತು ಊಟ ಮಾಡಿದೆ, ಎಲ್ಲಿ ನೋವಿದೆ. ಕುಳಿತು ಎಂಬ ಪದವನ್ನು ಬೇಕೆಂದೇ ಹಾಕಿದ್ದೇನೆ. ಒಲೆಯ ಮುಂದೆ ನಿಂತು, ರೋಗಿಯ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುವುದನ್ನು ನಾನು ಎಂಟು ತಿಂಗಳು ಊಟ ಎಂದುಕೊಂಡಿದ್ದೆ.

ಸುಸ್ತು ಎಂದ ತಕ್ಷಣ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ವಿಟಮಿನ್ ಬಿ12 ಕೊರತೆಯಿದ್ದರೆ ಮನಸ್ಸು ಮಂಕಾಗುತ್ತದೆ, ಮೈ ಏಳುವುದಿಲ್ಲ. ರೋಗಿಯ ರಕ್ತ ಪರೀಕ್ಷೆಗೆ ಮನೆಗೆ ಬರುವ ಲ್ಯಾಬಿನವರಿಗೇ ನಿಮ್ಮ ಕೈಯನ್ನೂ ಒಮ್ಮೆ ಒಡ್ಡಿ. ಎದೆನೋವು ಬಂದರೆ ಮಾತ್ರ "ಟೆನ್ಷನ್‌ಗೆ ಇರಬೇಕು" ಎಂದು ಕೂರದೆ ಆಸ್ಪತ್ರೆಗೆ ಹೋಗಿ.

'ಬೇಜಾರು' ಎಂಬ ಗಂಟನ್ನು ಬಿಚ್ಚಿ

ಇಡೀ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ಟಿ.ವಿ. ನೋಡಿ ಸಾಕಾದರೂ ಬೇಜಾರು, ತಮ್ಮ ಫೋನ್ ಮಾಡದಿದ್ದರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು. ಒಂದೇ ಪದ ಇಷ್ಟೊಂದನ್ನು ಹೊತ್ತುಕೊಂಡರೆ ಒಳಗೆ ಏನಿದೆ ಎಂಬುದು ನಮಗೇ ತಿಳಿಯದೆ ಹೋಗುತ್ತದೆ. ಏನು ಎಂದು ತಿಳಿಯದಿದ್ದರೆ ಏನು ಮಾಡಬೇಕು ಎಂಬುದೂ ಹೊಳೆಯುವುದಿಲ್ಲ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ನೋಡುತ್ತಿದ್ದವರು ಆ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ನನ್ನ ಅನುಭವವೂ ಹಾಗೆಯೇ. ಸರಿಯಾದ ಪದ ಸಿಕ್ಕಿದ ಕೂಡಲೇ ಎದೆಯ ಬಿಗಿ ಒಂದು ಎಳೆ ಸಡಿಲವಾಗುತ್ತದೆ.

ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಕಳವಳ ಮುಂದೆ ಏನಾಗುವುದೋ ಎಂಬುದಕ್ಕೆ, ಕೊರಗು ಆಗಿ ಹೋದದ್ದಕ್ಕೆ. ತಳಮಳದಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ, ದುಗುಡದಲ್ಲಿ ಎದ್ದು ನಿಲ್ಲಲಾಗುವುದಿಲ್ಲ. ಮುನಿಸು ನಮ್ಮವರ ಮೇಲೆ ಮಾತ್ರ ಬರುವಂಥದ್ದು, ರಾಜಿಯ ಆಸೆ ಅದರೊಳಗೇ ಇರುತ್ತದೆ. ರೋಷಕ್ಕೆ ಆ ಆಸೆಯಿಲ್ಲ. ಕಸಿವಿಸಿ, ಮುಜುಗರ, ಅಳುಕು, ಹೇವರಿಕೆ, ಒಂಟಿತನ, ಹೊಟ್ಟೆಕಿಚ್ಚು, ತಪ್ಪಿತಸ್ಥ ಭಾವನೆ, ಹೀಗೆ ಇನ್ನೂ ಎಷ್ಟೋ ಇವೆ. ಇವನ್ನೆಲ್ಲ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನೆಮ್ಮದಿ, ನಿರಾಳ, ಸಮಾಧಾನ, ಹಗುರ, ಅಕ್ಕರೆ ಎಂಬುವನ್ನೂ ಬರೆಯಿರಿ, ಅವೂ ವಾರದಲ್ಲಿ ಬಂದು ಹೋಗಿರುತ್ತವೆ.

ಪ್ರತಿ ಭಾನುವಾರ ಆ ಪಟ್ಟಿಯ ಮೇಲೆ ಬೆರಳಾಡಿಸಿ, ತಾಗಿದ ಎರಡು ಮೂರು ಪದ ಆಯ್ದು, ಒಂದೊಂದರ ಮುಂದೆ "ಯಾವಾಗ, ಯಾರ ಮುಂದೆ, ಏನಾದಾಗ" ಎಂದು ಒಂದು ಸಾಲು ಬರೆಯಿರಿ. ನನ್ನ ಮೊದಲ ತಿಂಗಳ ಪುಟದಿಂದ ಒಂದು ಸಾಲು: "ಹೊಟ್ಟೆಕಿಚ್ಚು. ಬುಧವಾರ. ಅಣ್ಣ ಮಕ್ಕಳೊಂದಿಗೆ ಚಿಕ್ಕಮಗಳೂರಿಗೆ ಹೋದ ಫೋಟೊ ಕಳಿಸಿದಾಗ." ಅದನ್ನು ಬರೆಯುವಾಗ ಕೈ ನಡುಗಿತು. ಅಣ್ಣನ ಮೇಲೆ ಹೊಟ್ಟೆಕಿಚ್ಚೇ ಎಂದು ನಾಚಿಕೆಯಾಯಿತು. ಆದರೆ ಆ ಪದ ಸರಿಯಾಗಿತ್ತು. ಅದರಿಂದ ತಿಳಿದದ್ದು ಅಣ್ಣ ಕೆಟ್ಟವನು ಎಂದಲ್ಲ, ನಾನು ಹನ್ನೊಂದು ತಿಂಗಳಿಂದ ಊರ ಗಡಿ ದಾಟಿಲ್ಲ ಎಂದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ಇದೆಲ್ಲ ಬೇಗ ಮುಗಿದುಹೋಗಲಿ" ಎಂಬ ಯೋಚನೆ ನೋಡಿಕೊಳ್ಳುವವರ ಮನಸ್ಸಿನಲ್ಲಿ ಹಾದುಹೋಗುತ್ತದೆ. ದಣಿದ ಮನಸ್ಸು ಮುಗಿಯಲಿ ಎನ್ನುವುದು ದಣಿವನ್ನು. ಅದು ಬಂದದ್ದಕ್ಕೆ ನಿಮ್ಮ ಪ್ರೀತಿ ಸುಳ್ಳಾಗುವುದಿಲ್ಲ. ಅದನ್ನೂ ಬರೆಯಿರಿ.

ಅಂಕಿಯಲ್ಲಿ ಒಮ್ಮೆ ನೋಡಿ

ಪದಗಳು ಒಳಗಿನದನ್ನು ತೋರಿಸುತ್ತವೆ, ಆದರೆ ಇಳಿಜಾರು ಕಾಣುವುದು ಅಂಕಿಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998ರಿಂದ ಬಳಕೆಯಲ್ಲಿರುವ ಐದು ಪ್ರಶ್ನೆಗಳ ಅಳತೆಯೊಂದಿದೆ, ಡಬ್ಲ್ಯುಎಚ್‌ಒ-5 ಎಂದು ಕರೆಯುತ್ತಾರೆ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿ ನಿರಾಳವಾಗಿದ್ದೆನೇ, ಮೈಯಲ್ಲಿ ಚಟುವಟಿಕೆ ಇತ್ತೇ, ಎದ್ದಾಗ ನಿದ್ದೆ ತೀರಿದ ಹಾಗೆ ಇತ್ತೇ, ದಿನದಲ್ಲಿ ನನಗೆ ಆಸಕ್ತಿಯ ಸಂಗತಿಗಳು ಇದ್ದವೇ ಎಂಬುದು ಅದರ ಸಾರ. ಒಂದೊಂದಕ್ಕೂ ಸೊನ್ನೆಯಿಂದ ಐದು ಅಂಕ: ಒಮ್ಮೆಯೂ ಇಲ್ಲದಿದ್ದರೆ ಸೊನ್ನೆ, ಸದಾ ಇದ್ದರೆ ಐದು. ಐದನ್ನೂ ಕೂಡಿಸಿ ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಬರುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಖಿನ್ನತೆ ಇದೆಯೇ ಎಂದು ವೈದ್ಯರ ಬಳಿ ನೋಡಿಸಿಕೊಳ್ಳುವುದು ಒಳ್ಳೆಯದು. ನಿದ್ದೆಯ ಪ್ರಶ್ನೆಗೆ ನಮ್ಮಂಥವರಿಗೆ ಸೊನ್ನೆಯೇ ಬರುತ್ತದೆ, ಉಳಿದ ನಾಲ್ಕರಲ್ಲಿ ಏನಾಗುತ್ತಿದೆ ಎಂದು ಗಮನಿಸಿ.

ತಿಂಗಳಿಗೊಮ್ಮೆ ಮಾಡಿದರೆ ಸಾಕು. ಖಿನ್ನತೆಯನ್ನು ಅಳೆಯಲು ವೈದ್ಯರು ಬಳಸುವ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯೂ ಇದೆ. ಅದು ಒಟ್ಟು 27 ಅಂಕದ್ದು, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡದೆ ತೋರಿಸಿಕೊಳ್ಳಬೇಕು. ಯಾವ ಅಂಕಿಯೂ ನಿಮಗೆ ಕಾಯಿಲೆಯ ಹೆಸರು ಹಚ್ಚುವುದಿಲ್ಲ. ಥರ್ಮಾಮೀಟರ್ ಜ್ವರ ಇದೆ ಎನ್ನುತ್ತದೆ, ಯಾವ ಜ್ವರ ಎಂದು ವೈದ್ಯರೇ ಹೇಳಬೇಕು.

ಕಷ್ಟ ಬಂದಾಗ ಏನು ಮಾಡಿದಿರಿ

ಈಗ ಆ ವಾರದ ಅತಿ ಕಷ್ಟದ ಎರಡು ಗಳಿಗೆಗಳನ್ನು ನೆನಪಿಸಿಕೊಂಡು, ಆಗ ನಿಜವಾಗಿ ಏನು ಮಾಡಿದಿರಿ ಎಂದು ಬರೆಯಿರಿ. ಮಾಡಬೇಕಾಗಿದ್ದದ್ದನ್ನಲ್ಲ, ಮಾಡಿದ್ದನ್ನು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ರಾತ್ರಿ ಒಂದೂವರೆಯವರೆಗೆ ಮೊಬೈಲ್ ಉಜ್ಜುತ್ತಾ ಕುಳಿತೆ. ಆರನೆಯ ಲೋಟ ಕಾಫಿ ಕುಡಿದೆ. ಮಗನಿಗೆ ಹೊಡೆದೆ. ಪಕ್ಕದ ಮನೆಯವರೊಂದಿಗೆ ಕಾಂಪೌಂಡಿನ ಬಳಿ ಹತ್ತು ನಿಮಿಷ ಮಾತಾಡಿದೆ. ದೇವರ ಮುಂದೆ ಸುಮ್ಮನೆ ಕುಳಿತೆ.

ಒಂದೊಂದರ ಮುಂದೆಯೂ ಮೂರು ಉತ್ತರ ಬರಲಿ: ಆ ಗಳಿಗೆಯಲ್ಲಿ ಏನು ಸಿಕ್ಕಿತು, ಮರುದಿನ ಬೆಳಿಗ್ಗೆ ಏನು ಉಳಿಯಿತು, ಅದರ ಬೆಲೆ ತೆತ್ತವರು ಯಾರು. ಮೊಬೈಲಿನಿಂದ ಆ ಹೊತ್ತಿಗೆ ಮರೆವು ಸಿಕ್ಕಿತು, ಮರುದಿನಕ್ಕೆ ಉಳಿದದ್ದು ಉರಿಯುವ ಕಣ್ಣು, ಬೆಲೆ ತೆತ್ತದ್ದು ನಾನೂ ಅಮ್ಮನೂ. ಅಳುವಿಗೆ ಯಾರೂ ಬೆಲೆ ತೆರಲಿಲ್ಲ, ಮರುದಿನ ತಲೆ ಸ್ವಲ್ಪ ತಿಳಿಯಾಗಿತ್ತು. ಬರೆದು ನೋಡುವವರೆಗೆ ನಾನು ಅಳುವನ್ನು ಸೋಲು ಎಂದೂ, ಮೊಬೈಲನ್ನು ವಿಶ್ರಾಂತಿ ಎಂದೂ ಎಣಿಸಿದ್ದೆ. ಕುಡಿತ, ಸಿಗರೇಟು, ಯಾರದೋ ಚೀಟಿಯ ನಿದ್ದೆ ಮಾತ್ರೆ ಈ ಪಟ್ಟಿಯಲ್ಲಿ ಪದೇ ಪದೇ ಬರುತ್ತಿದ್ದರೆ ಅದನ್ನು ಒಬ್ಬರೇ ನಿಭಾಯಿಸಲು ಹೋಗಬೇಡಿ.

ಆಮೇಲೆ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಬದಲಾಯಿಸಬಹುದಾದ ಕಷ್ಟ, ಬಲಕ್ಕೆ ಬದಲಾಯಿಸಲಾಗದ ಕಷ್ಟ. ರಾತ್ರಿ ಮೂರು ಸಲ ಏಳುವುದು ಎಡಕ್ಕೆ, ಅದಕ್ಕೆ ಸರದಿ ಮಾಡಬಹುದು. ಅಮ್ಮನ ಮಾತು ಮೊದಲಿನಂತೆ ಬರುವುದಿಲ್ಲ ಎಂಬುದು ಬಲಕ್ಕೆ. ಮನಶ್ಶಾಸ್ತ್ರಜ್ಞರಾದ ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲಿಯೇ ಈ ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸಿದ್ದರು: ಒಂದರಲ್ಲಿ ಸಮಸ್ಯೆಯನ್ನೇ ಹಿಡಿದು ಬಗೆಹರಿಸುವುದು, ಇನ್ನೊಂದರಲ್ಲಿ ಅದು ಎಬ್ಬಿಸುವ ಭಾವನೆಯನ್ನು ಸಂತೈಸುವುದು. ನಾವು ಅದಲುಬದಲು ಮಾಡುತ್ತೇವೆ. ಬದಲಾಗದ ಮಾತಿಗಾಗಿ ಐದು ಕಡೆ ಔಷಧಿ ಹುಡುಕುತ್ತೇವೆ, ಬದಲಾಯಿಸಬಹುದಾದ ರಾತ್ರಿಗಳನ್ನು "ನನ್ನ ಹಣೆಬರಹ" ಎಂದು ಸಹಿಸುತ್ತೇವೆ. ಬಲಗಡೆಯ ಸಾಲುಗಳಿಗೆ ಬೇಕಾದದ್ದು ಅಳು, ಮಾತು, ನಿಧಾನದ ಉಸಿರು. ನಿಮಿಷಕ್ಕೆ ಆರು ಸಲ ಆಗುವಷ್ಟು ನಿಧಾನವಾಗಿ ಐದು ನಿಮಿಷ ಉಸಿರಾಡಿ ನೋಡಿ.

ಒಂದೇ ಒಂದು ಕೆಲಸ, ಒಬ್ಬರ ಹೆಸರಿನೊಂದಿಗೆ

ಎಡಗಡೆಯಿಂದ ಮುಂದಿನ ವಾರಕ್ಕೆ ಒಂದನ್ನು ಮಾತ್ರ ಆರಿಸಿ. ಅದಕ್ಕೆ ಬೇರೆಯವರ ನೆರವು ಬೇಕಾಗಿದ್ದರೆ ಬಾಯಿಬಿಟ್ಟು ಕೇಳಬೇಕು, ಅದೂ ಲೆಕ್ಕ ಹಾಕಿ ಕೇಳಬೇಕು. "ನನಗೂ ಸ್ವಲ್ಪ ಸಹಾಯ ಮಾಡಬಾರದೇ" ಎಂದರೆ ಅದು ದೂರಿನಂತೆ ಕೇಳಿಸುತ್ತದೆ, ಉತ್ತರವೂ ಜಗಳದಂತೆಯೇ ಬರುತ್ತದೆ. ನಾನು ಅಣ್ಣನಿಗೆ ಹೇಳಿದ್ದು ಹೀಗೆ: "ಅಣ್ಣ, ಪ್ರತಿ ತಿಂಗಳ ಎರಡನೆಯ ಶನಿವಾರ ರಾತ್ರಿ ನೀನು ಅಮ್ಮನ ಪಕ್ಕ ಮಲಗಬೇಕು. ಮಗ್ಗುಲು ಬದಲಿಸುವುದನ್ನು ನಾನು ತೋರಿಸಿಕೊಡುತ್ತೇನೆ. ನಾನು ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಇರುತ್ತೇನೆ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಹೆದರಿಕೆ, ಅದಕ್ಕೇ ಬರುತ್ತಿರಲಿಲ್ಲ" ಎಂದ. ಅಷ್ಟು ದಿನ ಅವನಿಗೆ ಅಕ್ಕರೆಯಿಲ್ಲ ಎಂದುಕೊಂಡಿದ್ದೆ.

ಎಲ್ಲರಿಗೂ ಅಣ್ಣ ಇರುವುದಿಲ್ಲ, ಇದ್ದವರೆಲ್ಲ ಬರುವುದೂ ಇಲ್ಲ. ಆಗ ಕೇಳುವುದನ್ನು ಇನ್ನೂ ಚಿಕ್ಕದು ಮಾಡಿ. "ಆಂಟಿ, ಮಂಗಳವಾರ ಸಂಜೆ ಅರ್ಧ ಗಂಟೆ ನೀವು ಇಲ್ಲಿ ಕುಳಿತಿರುತ್ತೀರಾ? ನಾನು ಕೆರೆಯ ತನಕ ನಡೆದು ಬರುತ್ತೇನೆ" ಎಂದರೆ ಇಲ್ಲ ಎನ್ನುವವರು ಕಡಿಮೆ.

ಬರೆಯುವುದು ಕೆದಕುವುದಾದರೆ

ಅಲಾರಾಂ ಇಟ್ಟುಕೊಂಡು ಇಪ್ಪತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿ. ಅದಕ್ಕಿಂತ ಹೆಚ್ಚಾದರೆ ಗಾಯ ನೋಡುವುದು ಹೋಗಿ ಗಾಯ ಕೆದಕುವುದಾಗುತ್ತದೆ. ಒಂದೇ ಸಾಲು ಮೂರು ವಾರ ಹಾಗೆಯೇ ಬರುತ್ತಿದ್ದರೆ ಆ ವಿಷಯಕ್ಕೆ ಕಾಗದ ಸಾಲದು, ಎದುರಿಗೆ ಒಬ್ಬ ಮನುಷ್ಯ ಬೇಕು.

ಭಾನುವಾರದವರೆಗೆ ಕಾಯಬಾರದ ಸಂಗತಿಗಳು

ಬದುಕುವುದು ಬೇಡ ಎನಿಸಿದರೆ, ಇಬ್ಬರೂ ಒಟ್ಟಿಗೆ ಹೋಗಿಬಿಡೋಣ ಎಂಬ ಯೋಚನೆ ಬಂದರೆ, ರೋಗಿಯ ಮೇಲೆ ಕೈ ಎತ್ತಿದ್ದರೆ ಅಥವಾ ಎತ್ತಿಬಿಡುವೆನೇನೋ ಎಂದು ಹೆದರಿಕೆಯಾದರೆ ಅದೇ ಗಳಿಗೆಯಲ್ಲಿ ಒಬ್ಬರಿಗೆ ಹೇಳಿ. ರೋಗಿ ಸುರಕ್ಷಿತವಾಗಿ ಮಲಗಿರುವುದನ್ನು ನೋಡಿಕೊಂಡು ಕೋಣೆಯಿಂದ ಹೊರಗೆ ಬನ್ನಿ. ಒಬ್ಬರೇ ಇರಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನು ಬೇರೆಯವರ ಕೈಗೆ ಕೊಡಿ.

ಕೇಂದ್ರ ಸರ್ಕಾರದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಅದು ಸಿಗದಿದ್ದರೆ 1800-891-4416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣಾಪಾಯ ಎನಿಸಿದರೆ 112ಕ್ಕೆ ಕರೆ ಮಾಡಿ. ಹೇಳಿಕೊಂಡರೆ ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಳ್ಳುವವರಿದ್ದಾರೆ. ಸಾಯಬೇಕೆನಿಸುತ್ತಿದೆ ಎಂದು ಹೇಳಿಕೊಳ್ಳುವುದು ಅಪರಾಧವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿದವರನ್ನು ಸಹ ತೀವ್ರ ಮಾನಸಿಕ ಒತ್ತಡದಲ್ಲಿ ಇದ್ದವರೆಂದೇ ಪರಿಗಣಿಸುತ್ತದೆ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ವೈದ್ಯರ ಬಳಿಗೆ ಹೋಗುವುದಾದರೆ

ಮನಸ್ಸಿಗೆ ಚಿಕಿತ್ಸೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು ಎಂಬುದು ಹಳೆಯ ಎಣಿಕೆ. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಮೊದಲು ವಿಚಾರಿಸಿ.

ಹೋಗುವಾಗ ಕೊನೆಯ ನಾಲ್ಕು ವಾರದ ಪುಟಗಳನ್ನೂ ಕ್ಯಾಲೆಂಡರಿನ ಹಾಳೆಯನ್ನೂ ತೆಗೆದುಕೊಂಡು ಹೋಗಿ. ನಾನು ಹೋದಾಗ ವೈದ್ಯರ ಮುಂದೆ ಮಾತು ಹೊರಡಲಿಲ್ಲ, ಕಣ್ಣೀರೇ ಬಂತು. ಹಾಳೆಯನ್ನು ಮೇಜಿನ ಮೇಲೆ ಇಟ್ಟೆ. ಅವರು ಹಾಲಿನ ಗುರುತುಗಳ ನಡುವೆ ಇದ್ದ ಒಂದು, ಎರಡು, ಒಂದು, ಒಂದು ಎಂಬ ಅಂಕಿಗಳ ಮೇಲೆ ಪೆನ್ನಿನ ತುದಿ ಇಟ್ಟುಕೊಂಡು ಸಾಗಿ, ಒಂದು ನಾಲ್ಕರ ಮೇಲೆ ನಿಲ್ಲಿಸಿ, "ಈ ದಿನ ಏನಾಗಿತ್ತು?" ಎಂದು ಕೇಳಿದರು. ಎರಡನೆಯ ಶನಿವಾರದ ಮರುದಿನ ಅದು. ಹಿಂದಿನ ರಾತ್ರಿ ನಾನು ಏಳು ಗಂಟೆ ನಿದ್ದೆ ಮಾಡಿದ್ದೆ.

ಮಾತ್ರೆ ಬರೆದುಕೊಟ್ಟರೆ ಗೊತ್ತಿರಬೇಕಾದದ್ದು ಇಷ್ಟು: ಖಿನ್ನತೆಯ ಮಾತ್ರೆಗಳು ಕೆಲಸ ಮಾಡುವುದು ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಹಗುರವಾಯಿತು ಎಂದು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಈಗಾಗಲೇ ಬಿ.ಪಿ., ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ತೋರಿಸಿ. ಮುಂದಿನ ಭೇಟಿಯ ದಿನವನ್ನು ಬರೆಸಿಕೊಂಡು, ಆ ದಿನ ಅಮ್ಮನ ಬಳಿ ಯಾರಿರುತ್ತಾರೆ ಎಂಬುದನ್ನು ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಫೋನ್ ಮಾಡಿ ಗೊತ್ತು ಮಾಡಿಕೊಳ್ಳಿ.